ಪಾರುಪತ್ಯಗಾರ ಉತ್ತ ಕೊಪ್ಪರಿಗೆ

“ನಮ್ಮ ಅರಮನೆ ಹೊಲದಲ್ಲಿ ಒಂದೇ ಒಂದು ಹೆಂಟೆ ಮಣ್ಣು ತೋರಿಸಿ, ನನ್ನ ಬಿಳಿ ಕುದುರೆ ಹತ್ತಿಕೊಂಡು ಹೋಗಿ” ಎಂದ ಬೂದಿಗುಂದದ ದೊರೆ ಬೊಮ್ಮಯ್ಯನಾಯಕ.

ಯಾರೂ ತೋರಿಸಲಿಲ್ಲ. ಹೆಂಟೆ ಇದ್ದರೆ ತಾನೆ ತೋರಿಸೋದು. ಪಾರುಪತ್ಯಗಾರ ಸೂರಪ್ಪಯ್ಯ ದೊರೆಯ ಅಪ್ಪಣೆಯಂತೆ ಆ ಎರೆಹೊಲಕ್ಕೆ ಏಳು ಸಲ ನೇಗಿಲು ಹೊಡೆಸಿದ್ದ. ಹಳೇ ಬೆಳೆಯ ಕೂಳೆಯನ್ನೆಲ್ಲ ಕೀಳಿಸಿ ಸುಡಿಸಿದ್ದ. ಹೊಲ ಅವನ ಬೋಳುತಲೆಯ ಹಾಗೆ ನುಣ್ಣಗಿತ್ತು. ಒಂದೇ ಕೊರತೆ: ಕೆರೆಯಿಂದ ನಾಲ್ಕು ಸಲ ನೀರು ಕಟ್ಟಿದರೂ ಜೋಳದ ಗರಿ ಬಾಡಿ ಸುರುಳಿ ಸುತ್ತುತ್ತಿತ್ತು.

ಪಕ್ಕದ್ದು ಈರಕ್ಕ ಎಂಬ ವಿಧವೆಯ ಹೊಲ. ಅವಳು ಕೂಳೆ ಕೀಳಲಿಲ್ಲ. ಮೇಲುಮೇಲೆ ಒಂದು ಕುಂಟೆ ಎಳೆದು ಬಿತ್ತಿದಳು. ಕಟ್ಟಿದ್ದು ಒಂದೇ ನೀರು. ಜೋಳ ಆಳೆತ್ತರ ನಿಂತಿತ್ತು.

ಸೂರಪ್ಪಯ್ಯನಿಗೆ ಹೊಟ್ಟೆಯುರಿ. ಅವಳನ್ನು ಆಸ್ಥಾನಕ್ಕೆ ಎಳೆತರಿಸಿದ.

“ಪ್ರಭು, ಇವಳು ಕೆರೆಯ ನೀರು ಕದಿಯುತ್ತಾಳೆ. ಇಲ್ಲದಿದ್ದರೆ ಈ ಸೋಮಾರಿ ಹೊಲದಲ್ಲಿ ತೇವ ಎಲ್ಲಿಂದ ಬಂತು?”

“ಇದ್ದದ್ದು ಹೋಗಲಿಲ್ಲ, ಅಷ್ಟೇ, ಬುದ್ಧಿ” ಎಂದಳು ಈರಕ್ಕ.

“ನೋಡಿ, ಬಾಯಿ ಬೇರೆ.”

ಬೂದಿಗುಂದದಲ್ಲಿ ಒಂದು ಕಾಯಿದೆ ಇತ್ತು. ನೀರುಗಳ್ಳ ಗಂಡಸಾದರೆ ಮೀಸೆ ಹೋಗುತ್ತೆ, ಹೆಂಗಸಾದರೆ ಹೊಲ ಹೋಗುತ್ತೆ. ಬರೆದವನು ಸೂರಪ್ಪಯ್ಯನೇ. ಮುಟ್ಟುಗೋಲಾದ ಹೊಲ ಪಾರುಪತ್ಯಗಾರನಿಗೇ ಸೇರತಕ್ಕದ್ದು ಅಂತ ಕೆಳಗೆ ಸಣ್ಣಕ್ಷರದಲ್ಲಿ ಬರೆದವನೂ ಅವನೇ.

ಕಂಬಕ್ಕೆ ಒರಗಿ ನಿಂತಿದ್ದ ಗಿಡ್ಡೋಜ ಕೆಮ್ಮಿದ. ಇವನು ನೇಗಿಲು ಕೆತ್ತುವ ಬಡಗಿಯ ಮಗ. ಕೈಗಿಂತ ಬಾಯಿ ಚೂಪಾದ್ದರಿಂದ ಆಸ್ಥಾನ ಸೇರಿದ್ದ.

“ಕಳ್ಳರನ್ನ ನಾನು ಹಿಡಿದು ಕೊಡ್ತೀನಿ ಪ್ರಭು. ಎರಡು ತಾಮ್ರದ ಕೊಪ್ಪರಿಗೆ ಕೊಡಿಸಿ. ಎರಡಕ್ಕೂ ಒಂದೇ ತೂಕದ ಹಸಿ ಎರೆಮಣ್ಣು ತುಂಬಿ ಅಂಗಳದ ಬಿಸಿಲಲ್ಲಿ ಇಡೋಣ. ಒಂದು ಈರಕ್ಕನ ವಶ, ಒಂದು ಅಯ್ಯನವರ ವಶ. ಸುತ್ತ ಈಟಿಯವರು. ಎಂಟು ದಿನಕ್ಕೆ ಯಾರ ವಶದಲ್ಲಿ ನೀರು ಕಡಿಮೆಯಾಗುತ್ತೋ ಅವರೇ ಕಳ್ಳರು.”

“ಒಪ್ಪಿದೆ” ಎಂದ ಸೂರಪ್ಪಯ್ಯ. “ಕಳ್ಳಿಯ ಕೈ ಸುಮ್ಮನಿರುತ್ತದೆಯೇ?”

“ಆದರೆ ಪಾಪ, ಅಯ್ಯನವರಿಗೆ ಕೊಪ್ಪರಿಗೆಯಲ್ಲಿ ಬೇಸಾಯ ಮಾಡೋಕೆ ಬರುತ್ತೋ ಇಲ್ಲವೋ.”

“ಏನೋ ಅಂದುಕೊಂಡಿದ್ದೀ? ದಿನಕ್ಕೆ ಏಳು ಸಲ ಉತ್ತು ತೋರಿಸ್ತೀನಿ.”

ಅಂದ ಹಾಗೇ ಮಾಡಿದ. ಗಿಡ್ಡೋಜನೇ ಗೇಣುದ್ದದ ನೇಗಿಲು ಕೆತ್ತಿ ಕೊಟ್ಟ. ಸೂರಪ್ಪಯ್ಯ ಜರಿಪಂಚೆ ಎತ್ತಿ ಕಟ್ಟಿ, ಕೊಪ್ಪರಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅಡಿಯ ಮಣ್ಣು ಮೇಲಕ್ಕೆ, ಮೇಲಿನದು ಅಡಿಗೆ, ಬೆವರು ಸುರಿಸಿ ಉತ್ತ. ಈಟಿಯವರು ತುಟಿ ಕಚ್ಚಿಕೊಂಡು ಆಕಾಶ ನೋಡಿದರು.

“ನೀವೇ ನೊಗವನ್ನೂ ಹೊತ್ತಿದ್ದರೆ ಎತ್ತು ಹುಡುಕೋ ತೊಂದರೆ ಇರ್ತಿರಲಿಲ್ಲ” ಎಂದ ಗಿಡ್ಡೋಜ.

ಈರಕ್ಕ ಒಂದು ತೆಕ್ಕೆ ಜೋಳದ ಕೂಳೆ ತಂದು ತನ್ನ ಕೊಪ್ಪರಿಗೆಯ ಮೇಲೆ ಹರಡಿ ಮನೆಗೆ ಹೋದಳು. ಮತ್ತೆ ಬಂದದ್ದು ಎಂಟನೇ ದಿನ.

ಕೂಳೆ ತೆಗೆದಿಟ್ಟು ಎರಡು ಕೊಪ್ಪರಿಗೆಯನ್ನೂ ತಕ್ಕಡಿಗೆ ಏರಿಸಿದರು. ಈರಕ್ಕನದು ಧಪ್ಪನೆ ಇಳಿಯಿತು. ಪಾರುಪತ್ಯಗಾರನದು ಮೇಲೆ ಹಾರಿ, ಅದರೊಳಗಿನ ಧೂಳು ಅವನ ಮೂಗಿಗೇ ಬಂತು.

“ಅಯ್ಯನವರೇ, ನಿಮ್ಮ ವಶದ ನೀರೆಲ್ಲಿ?” ಎಂದ ಗಿಡ್ಡೋಜ.

“ನಾನೇನು ಕುಡಿದೆನೇನೋ? ಬಿಸಿಲು ಹೀರಿಕೊಂಡು ಹೋಯಿತು.”

“ಬಿಸಿಲು ಈಕೆಯ ಕೊಪ್ಪರಿಗೆ ಮೇಲೂ ಬಿತ್ತಲ್ಲ.”

“ಅವಳದ್ದು ಮುಚ್ಚಿತ್ತು. ನನ್ನದನ್ನ ಉತ್ತೂ ಉತ್ತೂ ಅಡಿಯ ಹಸಿಯೆಲ್ಲ ಮೇಲೆ ಬಂದು...”

ಸೂರಪ್ಪಯ್ಯ ಅಲ್ಲಿಗೆ ನಿಲ್ಲಿಸಿದ. ಆದರೆ ಆಡಬೇಕಾದ್ದನ್ನೆಲ್ಲ ಆಡಿಯಾಗಿತ್ತು.

“ಪ್ರಭು, ಅರಮನೆ ಹೊಲದ ಕಳ್ಳ ಸಿಕ್ಕ” ಎಂದ ಗಿಡ್ಡೋಜ. “ತಿಜೋರಿ ಬಾಗಿಲು ಏಳು ಸಲ ತೆಗೆದಿಟ್ಟು, ಪಕ್ಕದ ಮನೆಯವಳನ್ನ ಹಿಡಿದು ತಂದಿದ್ದಾರೆ.”

ಕ್ಷೌರಿಕ ಬಂದ. ಸೂರಪ್ಪಯ್ಯನ ಮೀಸೆ ಹೋಯಿತು. ಮುಖಕ್ಕೂ ತಲೆಗೂ ವ್ಯತ್ಯಾಸ ಉಳಿಯಲಿಲ್ಲ. ಈರಕ್ಕನ ಹೊಲ ಅವಳಿಗೇ ಉಳಿಯಿತು.

ದೊರೆ ಮೆಲ್ಲಗೆ ತನ್ನ ಮೀಸೆ ಮುಟ್ಟಿಕೊಂಡ. “ಏಳು ಸಲ ಉಳಲಿ ಅಂತ ಅಪ್ಪಣೆ ಕೊಟ್ಟವನು ನಾನಲ್ಲವೇನೋ ಗಿಡ್ಡೋಜ? ಹಾಗಾದರೆ ನನ್ನದು?”

“ಇರಲಿ ಬಿಡಿ ಪ್ರಭು. ಒಂದೊಂದು ತಪ್ಪು ಅಪ್ಪಣೆಗೆ ಒಂದೊಂದು ಮೀಸೆ ಅಂತ ಹೊರಟರೆ, ರಾಜ್ಯದಲ್ಲಿರೋ ಮೀಸೆಯೆಲ್ಲ ಸೇರಿಸಿದರೂ ಸಾಲೋದಿಲ್ಲ.”

ದೊರೆಗೆ ನಗು ತಡೆಯಲಾಗಲಿಲ್ಲ.

ಮರುವರ್ಷ ಅರಮನೆ ಹೊಲಕ್ಕೂ ಒಂದೇ ಕುಂಟೆ. ಹೊಲದ ತುಂಬ ಕೂಳೆ, ಕಾಲಿಟ್ಟಲ್ಲಿ ಹೆಂಟೆ. ಕುದುರೆಯ ಮಾತನ್ನು ಮಾತ್ರ ದೊರೆ ಮತ್ತೆ ಎತ್ತಲಿಲ್ಲ. ಗಿಡ್ಡೋಜನೂ ಕೇಳಲಿಲ್ಲ. ದಿನಾ ಬೆಳಿಗ್ಗೆ ಒಂದು ಹೆಂಟೆ ಮಣ್ಣು ಕೈಯಲ್ಲಿ ಹಿಡಿದು ಲಾಯದ ಮುಂದೆ ನಿಂತು, “ನನ್ನ ಕುದುರೆ ಹುಲ್ಲು ತಿಂತೇನಪ್ಪಾ?” ಎಂದು ವಿಚಾರಿಸಿ ಹೋಗುತ್ತಿದ್ದ, ಅಷ್ಟೇ.

ಒಂಬತ್ತನೇ ದಿನ ದೊರೆಯೇ ಲಗಾಮು ತಂದು ಅವನ ಕೈಗೆ ಕೊಟ್ಟ.