ಮಿಂಚುಹುಳು ಮೆತ್ತಿದ ಗೂಡು

ಹಾವು ನುಗ್ಗದಂತೆ ಬಾಗಿಲನ್ನು ಕೆಳಮುಖವಾಗಿಟ್ಟು ಗೂಡು ನೇಯುವುದರಲ್ಲಿ ಆ ಗೀಜಗನ ಕೊಕ್ಕು ಪಳಗಿತ್ತು. ಒಂದು ದಿನ ಅದಕ್ಕೆ ಕಸುಬೇ ಬೇಸರವಾಯಿತು.

"ಹುಲ್ಲು ಎಳೆದದ್ದು ಸಾಕು. ನನ್ನೊಳಗೂ ಒಬ್ಬ ಕಲೆಗಾರ ಇದ್ದಾನೆ. ಇನ್ನು ಮೇಲೆ ಬೇರೆಯವರ ಗೂಡು ಎಲ್ಲರ ಕಣ್ಣಿಗೆ ಬೀಳುವ ಹಾಗೆ ಮಾಡಿಕೊಡುತ್ತೇನೆ," ಎಂದು ಹೆಂಡತಿಗೆ ಹೇಳಿ, ಅರ್ಧ ನೇಯ್ದ ಗೂಡನ್ನು ಕೊಂಬೆಯಲ್ಲೇ ಬಿಟ್ಟು ಹೊರಟಿತು.

ಮೊದಲ ಗಿರಾಕಿಯಾಗಿ ಸಿಕ್ಕಿದ್ದು ಬೆಳವ ಹಕ್ಕಿ. ಅದು ಒಂದಿಷ್ಟು ಕಡ್ಡಿಗಳನ್ನು ಅಡ್ಡಾದಿಡ್ಡಿ ಇಟ್ಟು, ಅದರ ಮೇಲೆ ಎರಡು ಮೊಟ್ಟೆ ಇಟ್ಟಿತ್ತು.

"ಅಣ್ಣ, ಕಡ್ಡಿ ಸಡಿಲ ಇವೆ. ಮೊದಲು ಇದನ್ನು ಭದ್ರ ಮಾಡಿಕೊಡುತ್ತೀಯಾ?"

"ಆ ಕೆಲಸ ಬಿಟ್ಟಿದ್ದೇನೆ, ತಂಗಿ."

ಗೀಜಗ ಗೂಡಿನ ಅಂಚಿಗೆ ಹಸಿಮಣ್ಣು ಮೆತ್ತಿ, ಅದರೊಳಗೆ ಮಿಂಚುಹುಳುಗಳನ್ನು ಒಂದೊಂದಾಗಿ ಒತ್ತಿತು. ಕತ್ತಲಾದಾಗ ಗೂಡು ಹೊಳೆಯಿತು. ಇಡೀ ತೋಪು ತಿರುಗಿ ನೋಡಿತು.

ಬೆಳಗ್ಗೆ ಮೆಚ್ಚುಗೆ ಕೇಳಲು ಗೀಜಗ ಬಂದಾಗ ಗೂಡಿನಲ್ಲಿ ಮೊಟ್ಟೆಗಳಿರಲಿಲ್ಲ. ಕೆಳಗಿನ ಕೊಂಬೆಯಲ್ಲಿ ಹೊಟ್ಟೆ ತುಂಬಿ ಮಲಗಿದ್ದ ಕೇರೆಹಾವು ತಲೆ ಎತ್ತಿತು.

"ವರ್ಷಗಟ್ಟಲೆ ಈ ಮರ ಹತ್ತಿ ಇಳಿದಿದ್ದೇನೆ. ಇಲ್ಲೊಂದು ಗೂಡಿದೆ ಎಂದು ಗೊತ್ತೇ ಇರಲಿಲ್ಲ. ನಿಮ್ಮ ಕೆಲಸ ಬಹಳ ಚೆನ್ನಾಗಿದೆ, ಗೀಜಗರೇ," ಎಂದಿತು. "ಮುಂದಿನದು ಯಾರ ಮನೆ?"