ಕೊರಲೆಯ ಬೆಲೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನಮ್ಮ ನಾಡಿನಲ್ಲೂ ಕಿರುಧಾನ್ಯ ಬೆಳೆಯುತ್ತಾರೆ, ನೆರೆನಾಡಿನಲ್ಲೂ ಬೆಳೆಯುತ್ತಾರೆ. ಯಾರ ಬೆಳೆಗೆ ಬೆಲೆ ಹೆಚ್ಚು ಎಂದು ತಿಳಿಯುವುದು ಹೇಗೆ?"

ಗುರು ಹೇಳಿದರು:

ಒಬ್ಬ ಅರಸನಿಗೂ ಇದೇ ಪ್ರಶ್ನೆ ಬಂದಿತ್ತು. ಅವನ ನಾಡಿನ ಜನ ಭತ್ತ, ಹತ್ತಿ ಬೆಳೆಯುತ್ತಿದ್ದರು. ನದಿಯಾಚೆಯ ನಾಡಿನಲ್ಲಿ ಕೊರಲೆ ಎಂಬ ಕಿರುಧಾನ್ಯ ಹೇರಳವಾಗಿ ಬೆಳೆಯುತ್ತಿತ್ತು; ಇವನ ನಾಡಿನಲ್ಲಿ ಅಪರೂಪವಾಗಿತ್ತು. ಎರಡೂ ಕಡೆಯ ಕೊರಲೆಗೆ ಬೆಲೆ ಕಟ್ಟಿಕೊಂಡು ಬಾ ಎಂದು ಅರಸ ಒಬ್ಬ ಅಧಿಕಾರಿಯನ್ನು ಕಳಿಸಿದ. ತನ್ನ ನಾಡಿನದು ಕಡಿಮೆ ಎಂದಾದರೆ ಆ ಹೊಲಗಳಲ್ಲೂ ಹತ್ತಿ ಬಿತ್ತಿಸುವುದು ಅವನ ಯೋಚನೆ.

ಅಧಿಕಾರಿಗೆ ಮನೆಮಂದಿ ಇರಲಿಲ್ಲ. ಹನ್ನೊಂದು ವರ್ಷ ಅರಸನ ಕೆಲಸದ ಮೇಲೆ ಊರೂರು ಅಲೆದಿದ್ದ. ಛತ್ರಗಳಲ್ಲಿ ಒಬ್ಬನೇ ಉಂಡು ಒಬ್ಬನೇ ಮಲಗುವುದು ರೂಢಿಯಾಗಿತ್ತು.

ನದಿಯಾಚೆ ಅವನ ಕೆಲಸ ನಾಲ್ಕು ದಿನಗಳಲ್ಲಿ ಮುಗಿಯಿತು. ಸಂತೆಯಲ್ಲಿ ಧಾರಣೆ ಇತ್ತು, ಕೊಳ್ಳುವ ವರ್ತಕರಿದ್ದರು. ಒಟ್ಟು ಬೆಳೆ ಒಂಬತ್ತು ಸಾವಿರ ಖಂಡುಗ ಎಂದು ಬರೆದುಕೊಂಡ, ಬೆಲೆಯನ್ನೂ ಬರೆದುಕೊಂಡ.

ತನ್ನ ನಾಡಿನಲ್ಲಿ ಮಾತ್ರ ಒಂದು ತಿಂಗಳು ಹುಡುಕಬೇಕಾಯಿತು. ಕೊನೆಗೆ ಗುಡ್ಡದ ಬುಡದಲ್ಲಿ ಒಂದೇ ಒಂದು ಹೊಲ ಸಿಕ್ಕಿತು. ಅದು ಒಬ್ಬ ಹೆಂಗಸಿನದು. ನದಿಯಾಚೆಯಿಂದ ಮದುವೆಯಾಗಿ ಬಂದವಳು. ಗಂಡ ತೀರಿಕೊಂಡು ಹದಿನಾರು ವರ್ಷವಾಗಿತ್ತು. ಆ ಊರಿನವರು ಕೊರಲೆ ಉಣ್ಣುತ್ತಿರಲಿಲ್ಲ. ಅದು ಗುಬ್ಬಿಗಳಿಗೆ ಸರಿ ಎನ್ನುತ್ತಿದ್ದರು.

ಅಧಿಕಾರಿ ಅವಳ ಕಾಳನ್ನು ಅಳೆದ. ಎರಡು ಖಂಡುಗಕ್ಕೆ ಮೂರು ಕೊಳಗ ಕಡಿಮೆ ಇತ್ತು.

"ಏನು ಧಾರಣೆಗೆ ಮಾರುತ್ತೀರಿ, ತಾಯಿ?" ಎಂದು ಕೇಳಿದ.

"ಇಲ್ಲಿ ಕೊಳ್ಳುವವರು ಯಾರಿದ್ದಾರೆ, ಸ್ವಾಮಿ?"

"ಮತ್ತೆ ಯಾಕೆ ಬೆಳೆಯುತ್ತೀರಿ?"

"ನಮ್ಮ ಕಡೆಯವರು ಯಾರಾದರೂ ಈ ದಾರಿಯಲ್ಲಿ ಬಂದರೆ ಬಡಿಸಬೇಕಲ್ಲ" ಎಂದಳು ಅವಳು. ಒಲೆಯ ಕಡೆ ಹೊರಟು ಹೇಳಿದಳು, "ಇಷ್ಟು ವರ್ಷ ಯಾರೂ ಬರಲಿಲ್ಲ. ನೀವು ಊಟಕ್ಕೆ ಏಳಿ."

ಅವಳು ಎರಡು ಎಲೆ ಹಾಕಿದಳು. ಕೊರಲೆ ಅನ್ನ, ಹುರುಳಿ ಸಾರು. ಅವನಿಗೆ ಬಡಿಸಿ, ತಾನೂ ಎದುರು ಕುಳಿತು ಉಂಡಳು. ಎರಡನೆಯ ಸಲ ಅನ್ನ ಹಾಕಿಸಿಕೊಂಡಾಗ ಅವಳ ಮುಖ ಅರಳಿದ್ದು ನೋಡಿ ಅವನು ಮೂರನೆಯ ಸಲವೂ ಹಾಕಿಸಿಕೊಂಡ. ಅಲ್ಲಿಂದ ಹೊರಡುವಷ್ಟರಲ್ಲಿ ಹೊತ್ತು ಇಳಿದಿತ್ತು.

ಅರಮನೆಯಲ್ಲಿ ಅವನು ನೆರೆನಾಡಿನ ಬೆಲೆಯನ್ನು ಓದಿ ಹೇಳಿದ. ತನ್ನ ನಾಡಿನದನ್ನು ಕೊಳ್ಳುವವರಿಲ್ಲ ಎಂದ.

"ಮಾರಾಟವೇ ಇಲ್ಲದ ಮೇಲೆ ಬೆಲೆ ಸೊನ್ನೆಯಲ್ಲವೇ?" ಎಂದ ಅರಸ.

"ನಾನು ಉಂಡೆ, ಪ್ರಭು" ಎಂದ ಅಧಿಕಾರಿ. ಅರಸ ನಕ್ಕು ಸೊನ್ನೆ ಎಂದೇ ಬರೆಸಿದ.

ಆ ಮಳೆಗಾಲ ಅವಳ ಹೊಲದಲ್ಲಿ ಹತ್ತಿ ಬಿತ್ತಿಸಿದರು. ಅವಳು ಹಿತ್ತಿಲ ಗೋಡೆಯ ಪಕ್ಕದಲ್ಲಿ ಎರಡು ಸಾಲು ಕೊರಲೆ ಹಾಕಿಕೊಂಡಳು.

ಮರುವರ್ಷ ಅಧಿಕಾರಿ ಬೇರೆ ಕೆಲಸಕ್ಕೆಂದು ಆ ದಾರಿಯಲ್ಲೇ ಹೋದ. ಮಧ್ಯಾಹ್ನವಾಗಿತ್ತು. ಹಿತ್ತಿಲಿನ ಸಾಲುಗಳನ್ನು ಕಂಡ. ಇದನ್ನು ಯಾರಿಗೂ ಹೇಳಬಾರದು ಎಂದುಕೊಂಡ. ಒಳಗೆ ಒಲೆ ಉರಿಯುತ್ತಿತ್ತು. ಬಾಗಿಲವರೆಗೆ ಹೋದವನು, ಯಾವ ಮುಖ ಇಟ್ಟುಕೊಂಡು ಒಳಗೆ ಹೋಗಲಿ ಎಂದು ಹಿಂದಿರುಗಿದ. ಮುಂದಿನ ಊರಿನ ಛತ್ರದಲ್ಲಿ ಎಲೆಯ ಮುಂದೆ ಕುಳಿತ. ಉಣ್ಣದೆಯೇ ಎದ್ದ.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಆ ಕೊರಲೆಗೆ ಅವನು ಎಷ್ಟು ಬೆಲೆ ಕಟ್ಟಬೇಕಿತ್ತು, ಗುರುಗಳೇ?"

ಗುರು ಹೇಳಿದರು: "ನೀನೂ ಅರಸನಂತೆ ಬೆಲೆಯನ್ನೇ ಕೇಳಿದೆ. ಅವನು ಬಾಗಿಲಿಂದ ಹಿಂದಿರುಗಿದ ಆ ಮಧ್ಯಾಹ್ನ ಅವಳು ಯಾರೊಡನೆ ಉಂಡಳು ಎಂದು ಕೇಳಲಿಲ್ಲ."