ಟವರ್ ಮೇಲೆ ಗೆಳೆಯನಿದ್ದಾಗ

"ಗುರುಗಳೇ, ನನ್ನನ್ನು ನಾನು ಗೆದ್ದೆ ಎಂದು ಯಾವಾಗ ತಿಳಿಯಬಹುದು?" ಎಂದು ಶಿಷ್ಯ ಕೇಳಿದ.

ಅಂದು ಬೆಳಿಗ್ಗೆ ಮಠದ ಅಡುಗೆಮನೆಯಲ್ಲಿ ಜಗಳವಾಗಿತ್ತು. ಶಿಷ್ಯ ಸಿಟ್ಟಿನಲ್ಲಿ ಜೊತೆಯವನ ಮೇಲೆ ಸೌಟು ಎತ್ತಿದ್ದ. ಹೊಡೆಯದೆ ಕೆಳಗಿಟ್ಟಿದ್ದ. ಆಗಿನಿಂದ ಅವನ ಮುಖದಲ್ಲಿ ಒಂದು ತೃಪ್ತಿ ಇತ್ತು. ಗುರುಗಳು ಅದನ್ನು ಗಮನಿಸಿದ್ದರು.

"ಕುಳಿತುಕೋ. ಇಬ್ಬರು ಗೆಳೆಯರ ಕತೆ ಹೇಳುತ್ತೇನೆ," ಎಂದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರದ ಅಂಗಡಿಯವನಿದ್ದ. ಅವನ ಗೆಳೆಯ ಒಬ್ಬ ವೆಲ್ಡರ್. ಇಬ್ಬರಿಗೂ ಹ್ಯಾಮ್ ರೇಡಿಯೊ ಹುಚ್ಚು. ಪರವಾನಗಿ ಪಡೆದು, ಮೋರ್ಸ್ ಎಂಬ ತಂತಿ ಸಂಕೇತ ಕಲಿತು, ಕಂಡರಿಯದ ದೇಶಗಳ ಜನರೊಡನೆ ಕಟ್ಟು ಕಡ ಎಂಬ ಸದ್ದಿನಲ್ಲೇ ಮಾತಾಡುವ ಹವ್ಯಾಸ ಅದು.

ಸಣ್ಣ ಅಲೆಗಳಿಗೆ ಮಾಳಿಗೆಯ ಮೇಲೆ ಕಟ್ಟಿದ ತಂತಿ ಸಾಕಾಗುತ್ತಿತ್ತು. ಆದರೆ ಅವರಿಗೆ ಉದ್ದ ಅಲೆಗಳ ಮೇಲೆ ಆಸೆ. ಅಲೆ ಉದ್ದವಾದಷ್ಟೂ ಆಂಟೆನಾ ಎತ್ತರವಾಗಬೇಕು. ಅಷ್ಟು ಎತ್ತರದ್ದನ್ನು ನಿಲ್ಲಿಸುವ ಜಾಗ ಇಬ್ಬರಿಗೂ ಇರಲಿಲ್ಲ.

ಊರಾಚೆ ಮುಚ್ಚಿಹೋದ ಒಂದು ನೂಲಿನ ಗಿರಣಿ ಇತ್ತು. ಅದರ ಅಂಗಳದಲ್ಲಿ ದೊಡ್ಡ ದೀಪಗಳಿಗೆಂದು ಹಿಂದೆ ನಿಲ್ಲಿಸಿದ ಕಬ್ಬಿಣದ ಟವರ್ ಹಾಗೇ ಉಳಿದಿತ್ತು. ಗೆಳೆಯರು ಗಿರಣಿಯ ಯಜಮಾನನ ಒಪ್ಪಿಗೆ ಪಡೆದರು. ಟವರಿನ ನೆತ್ತಿಗೆ ಒಂದು ದಪ್ಪ ತಂತಿಯನ್ನು ಬಿಗಿದರು. ಅದು ಮತ್ತೆಲ್ಲೂ ಕಬ್ಬಿಣಕ್ಕೆ ತಾಗದಂತೆ ಒಂದು ಮೊಳ ದೂರದಲ್ಲಿ ಕೆಳಗಿಳಿಸಿ, ಬುಡದಲ್ಲಿದ್ದ ಕಾವಲುಗಾರನ ಕೋಣೆಯೊಳಗೆ ತಂದು, ಅಲ್ಲಿಟ್ಟ ರೇಡಿಯೊಗೆ ಒಂದು ಹಿತ್ತಾಳೆಯ ತುಂಡಿನಿಂದ ಜೋಡಿಸಿದರು. ಸುತ್ತಲೂ ನೆಲ ಅಗೆದು ತಾಮ್ರದ ತಂತಿಗಳನ್ನು ಹೂತರು. ನಿಂತಿದ್ದ ಟವರೇ ಆಂಟೆನಾ ಆಯಿತು.

ಅದರಲ್ಲಿ ಒಂದು ಅಪಾಯವಿತ್ತು. ಕೇಳುವಾಗ ಟವರ್ ಬರೀ ಕಬ್ಬಿಣ. ಮೋರ್ಸ್ ಬಡಿಯುವ ಕೀ ಒತ್ತಿ ಸಂದೇಶ ಕಳುಹಿಸುವಾಗ ಅದರ ಮೈಯೆಲ್ಲ ವಿದ್ಯುತ್ತು. ಆಗ ತಂತಿ ಹಿಡಿದವನ ಕೈ ಸುಡುತ್ತದೆ. ಎತ್ತರದಲ್ಲಿ ಕೈ ಸುಟ್ಟವನು ಹಿಡಿತ ಬಿಡುತ್ತಾನೆ. ಇದು ಇಬ್ಬರಿಗೂ ತಿಳಿದಿತ್ತು.

ಆ ವರ್ಷ ದಕ್ಷಿಣ ಸಮುದ್ರದ ಒಂದು ನಿರ್ಜನ ದ್ವೀಪಕ್ಕೆ ಕೆಲವರು ರೇಡಿಯೊ ಹೊತ್ತು ಹೋಗಿದ್ದರು. ಅಲ್ಲಿಂದ ಬರುವ ಕರೆಗೆ ಉತ್ತರ ಕೊಡಬೇಕೆಂದು ಲೋಕದ ಹವ್ಯಾಸಿಗಳೆಲ್ಲ ಕಾಯುತ್ತಿದ್ದರು. ಆ ದೂರದ ಉದ್ದ ಅಲೆ ಈ ಊರಿಗೆ ತಲುಪುವುದು ಸೂರ್ಯ ಮುಳುಗುವ ಹೊತ್ತಿನಲ್ಲಿ ಮಾತ್ರ, ಅದೂ ಸ್ವಲ್ಪ ಕಾಲ. ಅಂಗಡಿಯವನು ಪ್ರತಿ ಸಂಜೆ ಅಂಗಡಿಯನ್ನು ಬೇಗ ಮುಚ್ಚಿ ಬಂದು ಕೂರುತ್ತಿದ್ದ. ಒಮ್ಮೆಯೂ ಏನೂ ಕೇಳಿಸಲಿಲ್ಲ.

ಕೊನೆಯ ದಿನ ಬಂತು. ಮರುದಿನ ಹಡಗು ಬಂದು ದ್ವೀಪದವರನ್ನು ಕರೆದೊಯ್ಯುವುದಿತ್ತು. ಅಂದೇ ಮಧ್ಯಾಹ್ನದ ಗಾಳಿಗೆ ಟವರಿನ ನೆತ್ತಿಯಲ್ಲಿ ತಂತಿಯ ಬಿಗಿ ಸಡಿಲವಾಯಿತು. ವೆಲ್ಡರ್ ಕೆಲಸ ಮುಗಿಸಿ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಅವನು ಸ್ಪ್ಯಾನರ್ ಸೊಂಟಕ್ಕೆ ಸಿಕ್ಕಿಸಿಕೊಂಡ.

"ನಾನು ಇಳಿದು ಬರುವ ತನಕ ಕೀ ಮುಟ್ಟಬೇಡ," ಎಂದ.

"ಮುಟ್ಟುವುದಿಲ್ಲ. ಹುಷಾರಾಗಿ ಹೋಗಿ ಬಾ," ಎಂದ ಅಂಗಡಿಯವನು.

ವೆಲ್ಡರ್ ಮೇಲೇರಿದ. ತಂತಿ ಬಿಗಿದಿದ್ದ ಮೂಲೆಗೆ ಸೊಂಟದ ಹಗ್ಗ ಎಟುಕಲಿಲ್ಲ. ಅವನು ಹಗ್ಗ ಬಿಚ್ಚಿ, ಒಂದು ಕೈಯಲ್ಲಿ ಟವರನ್ನು ತಬ್ಬಿ, ಇನ್ನೊಂದರಲ್ಲಿ ತಂತಿ ಹಿಡಿದು ಕಬ್ಬಿಣಕ್ಕೆ ಒತ್ತಿದ. ಕಿಟಕಿಯಿಂದ ಅಂಗಡಿಯವನಿಗೆ ಅದೆಲ್ಲ ಕಾಣುತ್ತಿತ್ತು.

ವೆಲ್ಡರ್ ತಂತಿ ಒತ್ತಿದ ಗಳಿಗೆಯಲ್ಲೇ ಕೆಳಗೆ ಅಂಗಡಿಯವನ ಕಿವಿಯಲ್ಲಿ ಗರಗರ ಸದ್ದಿನೊಳಗಿಂದ ಒಂದು ಸಣ್ಣ ದನಿ ಎದ್ದಿತು. ದ್ವೀಪದ ಕರೆ. ಯಾರಾದರೂ ಇದ್ದೀರಾ ಎಂದು ಕೇಳುತ್ತಿತ್ತು. ನಿಂತು ಕಾಯಿತು. ಯಾರೂ ಉತ್ತರಿಸಲಿಲ್ಲ. ಮತ್ತೆ ಕೇಳಿತು.

ಅಂಗಡಿಯವನು ಕಿಟಕಿಯತ್ತ ನೋಡಿದ. ಇಳಿ ಎಂದು ಕೂಗಿದರೆ ಗೆಳೆಯ ತಂತಿ ಬಿಡುತ್ತಾನೆ. ಬಿಟ್ಟರೆ ಕರೆಯೂ ಹೋಗುತ್ತದೆ. ಬಿಗಿದು ಇಳಿಯಲಿ ಎಂದು ಕಾದರೆ ಹೊತ್ತು ಮುಳುಗಿ ಅಲೆಯೇ ನಿಂತುಹೋಗುತ್ತದೆ. ತನ್ನ ಹೆಸರಿನ ಸಂಕೇತವನ್ನು ಒಮ್ಮೆ ಕಳುಹಿಸಲು ಎಷ್ಟು ಹೊತ್ತು ಬೇಕು? ಗೆಳೆಯ ಕೈಗೆ ಚರ್ಮದ ಗವಸು ಹಾಕಿದ್ದಾನೆ. ಶಕ್ತಿಯನ್ನು ತೀರ ಕಡಿಮೆ ಮಾಡಿದರೆ ಅವನಿಗೆ ತಿಳಿಯದೇ ಹೋಗಬಹುದು. ತಿಳಿದರೂ ಚುರುಕ್ ಎನ್ನಬಹುದು, ಅಷ್ಟೇ. ಹೀಗೆ ಒಂದೊಂದೇ ಮಾತು ಅವನ ಮನಸ್ಸಿನಲ್ಲಿ ಬಂತು. ಪ್ರತಿಯೊಂದೂ ಸರಿ ಎನ್ನಿಸಿತು.

ನೋಡಿದರೆ ಅವನ ಕೈ ಕೀ ಮೇಲಿತ್ತು. ಯಾವಾಗ ಹೋಯಿತೆಂದು ಅವನಿಗೇ ಗೊತ್ತಾಗಲಿಲ್ಲ. ಕೀಯ ಸ್ಪ್ರಿಂಗ್ ಆಗಲೇ ಬೆರಳಿನ ಭಾರಕ್ಕೆ ತಗ್ಗಿತ್ತು. ಇನ್ನು ಒಂದು ಕಾಗದದಷ್ಟು ಅಂತರ.

ಮೇಲಿನಿಂದ ವೆಲ್ಡರ್ ಕೂಗಿದ. "ಈಗ ಸರಿಯಾಯಿತೇನು? ಬೇಗ ಹೇಳಪ್ಪ, ಕೈ ಸೋಲುತ್ತಿದೆ."

ದ್ವೀಪ ಮತ್ತೊಮ್ಮೆ ಕರೆಯಿತು. ಅಂಗಡಿಯವನು ಕೈಯನ್ನು ಕೀಯಿಂದ ಕಿತ್ತುಕೊಂಡ. ಅದೇ ಕೈಯಿಂದ ತಂತಿಗೂ ರೇಡಿಯೊಗೂ ನಡುವೆ ಇದ್ದ ಹಿತ್ತಾಳೆಯ ತುಂಡನ್ನು ತಿರುಚಿ ತೆಗೆದ. ಕರೆ ಅಲ್ಲಿಗೇ ನಿಂತಿತು. ಅವನು ಹೊರಗೆ ಬಂದು ಟವರಿನ ಬುಡದಲ್ಲಿ ನಿಂತು, "ಸರಿಯಾಗಿದೆ, ಬಿಗಿದುಬಿಡು," ಎಂದು ಕೂಗಿದ.

ವೆಲ್ಡರ್ ಬಿಗಿದು ಇಳಿದು ಬರುವ ಹೊತ್ತಿಗೆ ಕತ್ತಲು ಕವಿದಿತ್ತು. ತುಂಡನ್ನು ಮತ್ತೆ ಜೋಡಿಸಿ ಕೇಳಿದರು. ಬರೀ ಗರಗರ ಸದ್ದು.

"ಅವರು ಬರಲೇ ಇಲ್ಲ, ಅಲ್ಲವೇ?" ಎಂದು ವೆಲ್ಡರ್ ಕೇಳಿದ.

"ಬಂದಿದ್ದರು. ನೀನು ತಂತಿ ಹಿಡಿದಿದ್ದಾಗ. ನನ್ನ ಕೈ ಕೀ ಮೇಲೆ ಹೋಗಿತ್ತು," ಎಂದ ಅಂಗಡಿಯವನು.

ವೆಲ್ಡರ್ ಗವಸು ಕಳಚಿ ತನ್ನ ಅಂಗೈ ನೋಡಿಕೊಂಡ. ಆಮೇಲೆ ಸೈಕಲ್ ಹತ್ತಿ ಮನೆಗೆ ಹೋದ. ಕೆಲವು ದಿನ ಈ ಕಡೆ ಬರಲಿಲ್ಲ. ಅಂಗಡಿಯವನೂ ಕರೆಯಲು ಹೋಗಲಿಲ್ಲ. ಹೋಗಿ ಏನೆಂದು ಕರೆಯುವುದೆಂದು ಅವನಿಗೆ ತೋಚಲಿಲ್ಲ.

ಒಂದು ಭಾನುವಾರ ವೆಲ್ಡರ್ ತಾನಾಗಿಯೇ ಬಂದ. ಮೇಲೆ ತುಕ್ಕು ಹಿಡಿದ ಒಂದು ಬೋಲ್ಟ್ ಬದಲಿಸುವುದಿತ್ತು. ಅವನು ಏರಲು ಕಾಲಿಡುವ ಮೊದಲು ಅಂಗಡಿಯವನು ಹಿತ್ತಾಳೆಯ ತುಂಡನ್ನು ಬಿಚ್ಚಿ ತಂದು ಅವನ ಜೇಬಿಗೆ ಹಾಕಿ, ಗುಂಡಿ ಹಾಕಿದ. ಅದಿಲ್ಲದೆ ಕೀ ಒತ್ತಿದರೂ ಟವರಿಗೆ ಏನೂ ತಲುಪುವಂತಿಲ್ಲ.

"ನಿನ್ನ ಮೇಲೆ ನಂಬಿಕೆ ಇಲ್ಲವೆಂದು ನಾನು ಹೇಳಿದೆನೇ?" ಎಂದ ವೆಲ್ಡರ್.

"ನೀನು ಹೇಳಲಿಲ್ಲ. ಇಟ್ಟುಕೊಂಡು ಹತ್ತು," ಎಂದ ಅಂಗಡಿಯವನು.

ಅಂದಿನಿಂದ ಅವರಲ್ಲಿ ಯಾರು ಟವರ್ ಏರಿದರೂ ಆ ತುಂಡು ಏರುವವನ ಜೇಬಿನಲ್ಲೇ ಇರುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು.

"ತಿಳಿಯಿತು ಗುರುಗಳೇ. ಕೀ ಒತ್ತದೆ ಕೈ ತೆಗೆದ ಆ ಸಂಜೆಯೇ ಅಂಗಡಿಯವನು ತನ್ನನ್ನು ತಾನು ಗೆದ್ದ."

"ಗೆದ್ದವನಾಗಿದ್ದರೆ ಆ ತುಂಡನ್ನು ಗೆಳೆಯನ ಜೇಬಿಗೆ ಏಕೆ ಹಾಕುತ್ತಿದ್ದ?" ಎಂದರು ಗುರುಗಳು.